ಕ್ರೀಮು ಹಚ್ಚುವ ಮುನ್ನ

ಮಾಗಿಯ ಗಾಳಿ ಬೀಸಿತೆಂದರೆ ನಮ್ಮ ಸೆಟ್ಟೂರಿನ ಕಡೆ ಹಿಮ್ಮಡಿ ಒಡೆಯದವರು ಕಡಿಮೆ. ಕಡಲೆಕಾಯಿ ಕಿತ್ತು, ಬಿಡಿಸಿ ಒರಟಾದ ಕೈಗೆ ಅಂಗಡಿಯಿಂದ ತಂದ ಕ್ರೀಮು ಹಚ್ಚುತ್ತೇವೆ. ಅದರಲ್ಲಿ ಪ್ಯಾರಾಬೆನ್ ಎಂಬ ವಸ್ತುವಿದೆ, ಅದರಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಕೇಳಿ ತಾಯಂದಿರು ಗಾಬರಿಯಾಗುವುದು ಸಹಜ.

ಕ್ರೀಮು ಎಂದರೆ ಎಣ್ಣೆ, ನೀರು ಬೆರೆತದ್ದು. ನೀರಿದ್ದಲ್ಲಿ ಬೂಷ್ಟು ಬರುತ್ತದೆ. ಹಸಿ ಕಡಲೆಕಾಯಿ ಚೀಲಕ್ಕೆ ತುಂಬಿ ನಷ್ಟಪಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉಪ್ಪಿನಕಾಯಿಗೆ ಉಪ್ಪು ಹೇಗೋ, ಕ್ರೀಮಿಗೆ ಪ್ಯಾರಾಬೆನ್ ಹಾಗೆ.

2004ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು ಸ್ತನದ 20 ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಕಂಡರು. ಗಾಬರಿ ಹಬ್ಬಿದ್ದು ಅಲ್ಲಿಂದ. ಆದರೆ ಗಡ್ಡೆಗೆ ಅದೇ ಕಾರಣವೆಂದು ಆ ಪರೀಕ್ಷೆ ತೋರಿಸಲಿಲ್ಲ. ಯುರೋಪ್ ಒಕ್ಕೂಟ ಎಚ್ಚರಿಕೆಗಾಗಿ 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು, ಇನ್ನೆರಡರ ಪ್ರಮಾಣ ಇಳಿಸಿತು. ಮೀಥೈಲ್, ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಉಳಿಸಿಕೊಂಡಿತು.

ನಮಗೆ ಹೆಚ್ಚು ಚಿಂತೆ ತರುವುದು ಬೇರೊಂದು. 'ಪ್ಯಾರಾಬೆನ್ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯಲ್ಲಿ ಅದರ ಬದಲು ಏನು ಹಾಕಿದ್ದಾರೆಂದು ಯಾರೂ ನೋಡುವುದಿಲ್ಲ! ಹಾಗೆ ಬಳಕೆಗೆ ಬಂದವುಗಳಲ್ಲಿ ಮೀಥೈಲ್‌ಐಸೋಥಯಾಜೋಲಿನೋನ್ ಒಂದು. ಚರ್ಮ ಕೆಂಪಾಗಿ ತುರಿಸುವ ಅಲರ್ಜಿ ಅದರಿಂದ ಹೆಚ್ಚಿತು. ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ಅದನ್ನು 'ವರ್ಷದ ಅಲರ್ಜಿಕಾರಕ' ಎಂದು ಸಾರಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು 'ಅಲರ್ಜಿಕಾರಕವಲ್ಲದ' ವಸ್ತುವೆಂದು ಹೆಸರಿಸಿದ್ದು ಸೋಜಿಗ. 2017ರಿಂದ ಯುರೋಪಿನಲ್ಲಿ ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಮೀಥೈಲ್‌ಐಸೋಥಯಾಜೋಲಿನೋನ್ ಬಳಸುವಂತಿಲ್ಲ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗದಲ್ಲಿ ದಿನಕ್ಕೆರಡು ಬಾರಿ ಒಂದು ವಾರ ಹಚ್ಚಿ ನೋಡಿರಿ. ತುರಿಕೆ ಎದ್ದರೆ ಬಿಟ್ಟುಬಿಡಿರಿ. ಹಿಮ್ಮಡಿಗಾದರೆ ರಾತ್ರಿ ಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಇಲ್ಲವೇ ಬರಿಯ ವ್ಯಾಸಲೀನ್ ಹಚ್ಚಿದರೆ ಸಾಕು. ಅವುಗಳಲ್ಲಿ ನೀರಿಲ್ಲ, ಕೆಡದಂತೆ ಕಾಯುವ ವಸ್ತುವೂ ಬೇಕಿಲ್ಲ. ಮನೆಯಲ್ಲೇ ಲೋಳೆಸರ ಅರೆದು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡುವುದು ಮಾತ್ರ ಬೇಡ. ಬೂಷ್ಟು ಅಲ್ಲಿಯೂ ಬಿಡದು.

ಕ್ರೀಮು ನಿಲ್ಲಿಸಿದರೂ ತುರಿಕೆ ಆರದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಿರಿ. ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.