ಎಸೆದ ಸಂದಿನಿಂದ ಮಗುವಿನ ಬಂಡಿಯವರೆಗೆ

ನವೆಂಬರಿನ ನಾಲ್ಕನೆಯ ಗುರುವಾರದ 'ಥ್ಯಾಂಕ್ಸ್‌ಗಿವಿಂಗ್' ಹಬ್ಬ ಕಳೆದು ಕ್ರಿಸ್‌ಮಸ್ ರಜೆ ಮೊದಲಾಗುವುದರೊಳಗಿನ ಮೂರು ನಾಲ್ಕು ವಾರಗಳಲ್ಲಿ ಅಮೆರಿಕದ ವೃತ್ತಿಶಿಕ್ಷಣ ಶಾಲೆಗಳನ್ನು ಹೊಕ್ಕು ನೋಡಿದರೆ, ಮರಗೆಲಸದ ಕೊಠಡಿಯಲ್ಲಿ ಚಕ್ರಗಳಿಗಾಗಿ ಸಾಲುಗಟ್ಟಿ ಕಾದಿರುವ ಪುಟ್ಟ ಬಂಡಿಗಳೂ, ಅಡುಗೆಯ ವಿಭಾಗದಲ್ಲಿ ಊರಿನ ಮುದುಕರಿಗಾಗಿ ಬೇಯುತ್ತಿರುವ ಊಟವೂ, ಬಾಗಿಲ ಬಳಿ ಡಬ್ಬಿಯ ಆಹಾರ ತುಂಬಿದ ರಟ್ಟಿನ ಪೆಟ್ಟಿಗೆಗಳೂ ಎಷ್ಟೋ ಕಡೆ ಕಣ್ಣಿಗೆ ಬೀಳುವುವು. ಹದಿನಾರು ಹದಿನೇಳು ವರ್ಷದ ಹುಡುಗ ಹುಡುಗಿಯರು ತಾವು ಎಂದೂ ಕಾಣದ ಯಾರಿಗೋ ಏನನ್ನೋ ಸಿದ್ಧಪಡಿಸುತ್ತಿರುವ ಈ ದೃಶ್ಯವನ್ನು ಹಬ್ಬದ ಕಾಲಕ್ಕೆ ಸಹಜವಾದ ಔದಾರ್ಯವೆಂದು ಕರೆದು ಮುಂದೆ ಸಾಗಬಹುದು. ಹಾಗೆ ಸಾಗಿದರೆ ಅದರ ಸ್ವಾರಸ್ಯವೆಲ್ಲ ಕೈತಪ್ಪಿಹೋದೀತು. ಏಕೆಂದರೆ, ಕಲಿಯುವವನು ಕೈಯಾರೆ ಮಾಡಿದ ವಸ್ತು ಕೊನೆಗೆ ಎಲ್ಲಿಗೆ ಸೇರಬೇಕು ಎಂಬ ಒಂದು ಹಳೆಯ ವಿವಾದದಲ್ಲಿ ಈ ಪದ್ಧತಿಯ ಬೇರುಗಳಿವೆ.

ಈ ಶಾಲೆಗಳ ಸ್ವರೂಪವನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುವುದು ಒಳಿತು. ನಮ್ಮ ಐ.ಟಿ.ಐ.ಗಳಿಗೆ ಇವು ಬಂಧುಗಳೇ ಸರಿ. ಆದರೆ ನಮ್ಮಲ್ಲಿ ಹೆಚ್ಚಿನವರು ಎಸ್.ಎಸ್.ಎಲ್.ಸಿ. ಮುಗಿಸಿ, ಓದಿನ ದಾರಿಯನ್ನು ಬಿಟ್ಟು ಕಸುಬಿನ ದಾರಿಯನ್ನು ಹಿಡಿಯುವರು. ಅಲ್ಲಿಯಾದರೋ ಪ್ರೌಢಶಾಲೆಯ ವಿದ್ಯಾರ್ಥಿಯೇ ದಿನದ ಒಂದು ಭಾಗವನ್ನು ಗಣಿತ ಸಾಹಿತ್ಯಗಳಲ್ಲಿ ಕಳೆದು, ಇನ್ನೊಂದು ಭಾಗದಲ್ಲಿ ಶಾಲೆಯ ಬಸ್ಸು ಹತ್ತಿ ವೃತ್ತಿಕೇಂದ್ರಕ್ಕೆ ಬರುವುದುಂಟು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಂದು ವಾರ ಪಾಠ, ಒಂದು ವಾರ ಕಾರ್ಯಶಾಲೆ ಎಂಬ ಸರದಿಯೂ ರೂಢಿಯಲ್ಲಿದೆ. 'ವೊಕೇಶನಲ್' ಎಂಬ ಹಳೆಯ ಹೆಸರಿಗೆ, ಓದು ಹತ್ತದವರ ಶಾಲೆಯೆಂಬ ಕಳಂಕ ಅಂಟಿಕೊಂಡಿದ್ದಿತು. 2006ರ ಫೆಡರಲ್ ಕಾನೂನು ಅದರ ಸ್ಥಾನದಲ್ಲಿ 'ಕರಿಯರ್ ಅಂಡ್ ಟೆಕ್ನಿಕಲ್' ಎಂಬ ಹೆಸರನ್ನು ತಂದಿತು. ಹೆಸರು ಬದಲಾದರೂ ಕಾರ್ಯಶಾಲೆಗೆ ಮಕ್ಕಳ ಬಾಯಲ್ಲಿ ಇಂದಿಗೂ 'ಶಾಪ್' ಎಂಬ ಚಿಕ್ಕ ಮಾತೇ ಉಳಿದುಬಂದಿದೆ.

ಇನ್ನು ಆ ವಿವಾದದ ಸಂಗತಿ. 1876ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ಸಂಭ್ರಮದಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಒಂದು ಮಹಾಪ್ರದರ್ಶನವೇರ್ಪಟ್ಟಿತು. ಅಲ್ಲಿಗೆ ಮಾಸ್ಕೋ ನಗರದ ಸಾಮ್ರಾಜ್ಯ ತಾಂತ್ರಿಕ ಶಾಲೆಯವರು ತಮ್ಮ ನಿರ್ದೇಶಕ ವಿಕ್ಟರ್ ಡೆಲಾ-ವಾಸ್ ರೂಪಿಸಿದ ಬೋಧನಕ್ರಮದ ಮಾದರಿಗಳನ್ನು ಕಳುಹಿಸಿದ್ದರು. ಒಂದು ಭಾಷೆಯನ್ನು ವರ್ಣಮಾಲೆಯಿಂದ ಕಲಿಸುವಂತೆ ಕಸುಬನ್ನೂ ಅದರ ಮೂಲಾಕ್ಷರಗಳಾಗಿ ಬಿಡಿಸಿ, ಮೊದಲು ಕೊಯ್ಯುವುದು, ಬಳಿಕ ಕೀಸುವುದು, ಬಳಿಕ ಒಂದು ಮರದ ನಾಲಗೆಯನ್ನು ಇನ್ನೊಂದರ ಕಿಂಡಿಗೆ ಕೂರಿಸುವುದು, ಹೀಗೆ ಕ್ರಮಕ್ರಮವಾಗಿ ಅಭ್ಯಾಸಗಳನ್ನು ಜೋಡಿಸಿದ್ದ ಆ ಮಾದರಿಗಳನ್ನು ಕಂಡು, ಬಾಸ್ಟನ್ನಿನ ಎಂ.ಐ.ಟಿ.ಯ ಅಧ್ಯಕ್ಷರಾಗಿದ್ದ ಜಾನ್ ರಂಕಲ್ ಅವರು ಬೆರಗಾದರು. ಸೇಂಟ್ ಲೂಯಿಸಿನಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ ಅವರು ಇದೇ ಹಾದಿಯಲ್ಲಿ ಸ್ಥಾಪಿಸಿದ ಹಸ್ತಶಿಕ್ಷಣ ಶಾಲೆ 1880ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಬಾಲಕನು ಮುಖ್ಯವಾಗಿ ಅಭ್ಯಾಸ ಮಾಡುತ್ತಿದ್ದುದು ಪೆಟ್ಟಿಗೆಯ ಮೂಲೆಯನ್ನು, ಕುರ್ಚಿಯ ಕಾಲು ಕೂರುವ ಸಂದನ್ನು. ಉಪಾಧ್ಯಾಯರು ಅದನ್ನು ಬೆಳಕಿಗೆ ಹಿಡಿದು, ಎಡೆಯಲ್ಲಿ ಬಿರುಕು ಕಂಡಿತೋ ಇಲ್ಲವೋ ನೋಡಿ ಅಂಕ ಹಾಕಿದರೆ ಆ ಮರದ ತುಂಡಿನ ಆಯುಷ್ಯ ತೀರಿತು. ಶಾಲೆಯು ಕಾರ್ಖಾನೆಯಾಗಬಾರದು, ಮಗುವಿನ ದುಡಿಮೆಯನ್ನು ಯಾರೂ ಮಾರಿಕೊಳ್ಳಬಾರದು ಎಂಬ ಸದುದ್ದೇಶ ಇದರ ಹಿಂದಿತ್ತೆಂಬುದನ್ನು ನಾವು ಮರೆಯಲಾಗದು. ಆದರೂ ವರ್ಷವೆಲ್ಲ ಕಷ್ಟಪಟ್ಟು ಕೊರೆದ ಸಂದುಗಳೆಲ್ಲ ಒಲೆಯ ಪಾಲಾಗುವುದನ್ನು ನೋಡಿದ ಹುಡುಗನ ಮನಸ್ಸಿನಲ್ಲಿ ಏನು ಉಳಿದೀತು?

ಈ ಪ್ರಶ್ನೆಗೆ ಉತ್ತರವು ಉತ್ತರ ಯೂರೋಪಿನ ಚಳಿನಾಡುಗಳಿಂದ ಬಂದಿತು. ಫಿನ್ಲೆಂಡಿನಲ್ಲಿ ಉನೊ ಸಿಗ್ನೇಯಸ್ ಅವರು ಶಾಲೆಗೆ ತಂದು, ಸ್ವೀಡನ್ನಿನ ನೇಸ್ ಎಂಬಲ್ಲಿ ಓಟ್ಟೊ ಸಾಲೊಮನ್ ಅವರು ಶಾಸ್ತ್ರವಾಗಿ ಬೆಳೆಸಿದ 'ಸ್ಲಾಯ್ಡ್' ಎಂಬ ಕೈಗೆಲಸದ ಶಿಕ್ಷಣವು, ಮಗು ಮಾಡುವ ಮೊದಲ ವಸ್ತುವೂ ಮನೆಯಲ್ಲಿ ಬಳಕೆಗೆ ಬರುವ ವಸ್ತುವೇ ಆಗಿರಬೇಕೆಂದು ಪಟ್ಟುಹಿಡಿಯಿತು. ಒಂದು ಸೌಟು, ಒಂದು ಚಾಕುವಿನ ಹಿಡಿ, ಹೂಗಿಡಕ್ಕೆ ಊರೆಗೋಲು: ಎಷ್ಟೇ ಚಿಕ್ಕದಾಗಿರಲಿ, ಅದನ್ನು ಮನೆಗೊಯ್ದು ತಾಯಿಯ ಕೈಯಲ್ಲಿಡುವಂತಿರಬೇಕು. 1888ರಲ್ಲಿ ಗುಸ್ತಾಫ್ ಲಾರ್ಸನ್ ಎಂಬ ಸ್ವೀಡಿಷ್ ಉಪಾಧ್ಯಾಯರು ಬಾಸ್ಟನ್ನಿಗೆ ಬಂದು, ವಲಸೆ ಬಂದ ಬಡಕುಟುಂಬಗಳೇ ತುಂಬಿದ್ದ ನಾರ್ತ್ ಎಂಡ್ ಬಡಾವಣೆಯಲ್ಲಿ, ಪಾಲಿನ್ ಅಗಾಸಿಜ್ ಷಾ ಎಂಬ ಉದಾರಿ ಮಹಿಳೆಯ ಆಶ್ರಯದಲ್ಲಿ ಈ ವಿದ್ಯೆಯನ್ನು ಬೋಧಿಸತೊಡಗಿದರು. ಮರದ ತುಂಡಿಗೆ ಒಬ್ಬ ಒಡೆಯ ದೊರೆತುದು ಹೀಗೆ. ಮಾಡುವವನ ಕಣ್ಣೆದುರಿಗೆ ಪಡೆಯುವವರ ಮುಖವೊಂದು ಮೂಡಿದೊಡನೆ ಕೈಗೆ ಬೇರೆಯ ಎಚ್ಚರ ಬರುವುದೆಂಬುದನ್ನು ಕೌದಿ ಹೊಲಿದ ನಮ್ಮ ಅಜ್ಜಿಯರು ಯಾವ ಶಾಸ್ತ್ರದ ನೆರವೂ ಇಲ್ಲದೆ ಬಲ್ಲವರಾಗಿದ್ದರು.

1917ರ ಫೆಬ್ರವರಿ 23ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಸಹಿಯಾದ ಸ್ಮಿತ್-ಹ್ಯೂಸ್ ಕಾನೂನು ವೃತ್ತಿಶಿಕ್ಷಣಕ್ಕೆ ಕೇಂದ್ರ ಸರಕಾರದ ಹಣವನ್ನು ಒದಗಿಸಿತು. ಕಸುಬಿನ ತರಗತಿಗಳಲ್ಲಿ ಕಡೆಯಪಕ್ಷ ಅರ್ಧದಷ್ಟು ಕಾಲವಾದರೂ ಉಪಯುಕ್ತವಾದ ಇಲ್ಲವೆ ಉತ್ಪಾದಕವಾದ ಪ್ರಾಯೋಗಿಕ ಕೆಲಸಕ್ಕೆ ಮೀಸಲಾಗಿರತಕ್ಕದ್ದೆಂದು ವಿಧಿಸಿತು. ಎಸೆಯುವುದಕ್ಕಾಗಿ ಮಾಡುವ ಕೆಲಸಕ್ಕೆ ಕಾನೂನೇ ಹೀಗೆ ಮಿತಿ ಹಾಕಿತು. ವೃತ್ತಿಶಾಲೆಗಳ ಮೇಷ್ಟರುಗಳು ಇಂಥ ಕೆಲಸಕ್ಕೆ 'ಲೈವ್ ವರ್ಕ್', ಅಂದರೆ ಜೀವವಿರುವ ಕೆಲಸ, ಎಂದು ಹೆಸರಿಟ್ಟಿರುವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧದ ನಡುವೆ ಹುಟ್ಟಿಕೊಂಡ ಕಿರಿಯರ ರೆಡ್‌ಕ್ರಾಸ್ ಸಂಘಕ್ಕೆ ಶಾಲೆಯ ಮಕ್ಕಳು ಲಕ್ಷಗಟ್ಟಲೆ ಸೇರಿದರು. ಶಾಲೆಗಳ ಮರಗೆಲಸದ ಕೊಠಡಿಗಳಲ್ಲಿ ಗಾಯಾಳುಗಳಿಗೂ ನಿರಾಶ್ರಿತರಿಗೂ ಬೇಕಾದ ಪೀಠೋಪಕರಣಗಳು ಸಿದ್ಧವಾದುವು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಶತ್ರುವಿಮಾನ ಯಾವುದು ಮಿತ್ರವಿಮಾನ ಯಾವುದು ಎಂದು ಆಕಾಶದಲ್ಲಿ ಗುರುತಿಸುವುದನ್ನು ಕಲಿಸುವುದಕ್ಕಾಗಿ ಐದು ಲಕ್ಷ ಮರದ ವಿಮಾನಗಳು ಬೇಕೆಂದು ನೌಕಾಪಡೆಯು ಕೇಳಿದುದೂ ಶಾಲೆಯ ಮಕ್ಕಳನ್ನೇ. ಮಗುವಿನ ಕೈಯನ್ನು ಯುದ್ಧಕ್ಕೆ ಹಚ್ಚಿದುದು ಸರಿಯೇ ಎಂಬ ಶಂಕೆ ನನ್ನನ್ನು ಬಿಟ್ಟಿಲ್ಲ. ಆದರೆ ಊರು ಕೇಳಿದರೆ ಶಾಪ್ ಮಾಡಿಕೊಡುತ್ತದೆ ಎಂಬ ವಾಡಿಕೆ ಗಟ್ಟಿಯಾದುದು ಇಂಥ ವರ್ಷಗಳಲ್ಲಿಯೇ.

ಹಬ್ಬದ ದಾನದ ಕಥೆ ಇದಕ್ಕೆ ಬೇರೆ ದಿಕ್ಕಿನಿಂದ ಬಂದು ಕೂಡಿಕೊಂಡಿತು. 1891ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಜೋಸೆಫ್ ಮ್ಯಾಕ್‌ಫೀ ಅವರು ಬಡವರ ಕ್ರಿಸ್‌ಮಸ್ ಊಟಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋದ ದೋಣಿಕಟ್ಟೆಯಲ್ಲಿ ಕಾಸು ಬೀಳಲು ಒಂದು ಹಂಡೆಯನ್ನು ಇಟ್ಟರು. 1947ರಲ್ಲಿ ಲಾಸ್ ಏಂಜಲಿಸ್ ನಗರದ ಡಯಾನ್ ಹೆಂಡ್ರಿಕ್ಸ್ ಎಂಬಾಕೆ ತಾವು ಕೈಯಾರೆ ಹೊಲಿದ ಒಂದು ಬಟ್ಟೆಯ ಗೊಂಬೆಯನ್ನು, ಮರೀನ್ ಸೈನ್ಯದ ಮೀಸಲು ದಳದಲ್ಲಿ ಮೇಜರ್ ಆಗಿದ್ದ ಪತಿ ಬಿಲ್ ಅವರ ಕೈಗಿತ್ತು, ಇಲ್ಲದ ಮಕ್ಕಳಿಗೆ ಕೊಡುವ ಸಂಸ್ಥೆಗೆ ಮುಟ್ಟಿಸೆಂದರು. ಅಂಥ ಸಂಸ್ಥೆ ಎಲ್ಲಿಯೂ ಸಿಕ್ಕದಿರಲು, ನೀವೇ ಒಂದನ್ನು ಕಟ್ಟಿರೆಂದರು. ಆ ವರ್ಷ ಐದು ಸಾವಿರ ಆಟಿಕೆಗಳನ್ನು ಹಂಚಿದ 'ಟಾಯ್ಸ್ ಫಾರ್ ಟಾಟ್ಸ್' ಮರುವರ್ಷವೇ ದೇಶವ್ಯಾಪಿಯಾಯಿತು. ಮೊದಲ ಮೂವತ್ತು ವರ್ಷಗಳಲ್ಲಿ ಆ ಸಂಸ್ಥೆಯವರು ಹಳೆಯ ಆಟಿಕೆಗಳನ್ನೂ ಸ್ವೀಕರಿಸಿ, ಮುರಿದುದನ್ನು ವಾರಾಂತ್ಯಗಳಲ್ಲಿ ಸೈನಿಕರೇ ಕುಳಿತು ರಿಪೇರಿ ಮಾಡುತ್ತಿದ್ದರು. ಎಳೆಯ ಮಕ್ಕಳಿಗೆ ಅಪಾಯವಾಗಬಾರದೆಂಬ ಕಾಳಜಿಯೂ ಸೇರಿ, 1980ರಿಂದೀಚೆಗೆ ಹೊಸ ಆಟಿಕೆಗಳನ್ನು ಮಾತ್ರ ತೆಗೆದುಕೊಳ್ಳುವ ನಿಯಮವಾಯಿತು. ಮುರಿದ ಕುದುರೆಗೆ ಕಾಲು ಕೂರಿಸುವ ಆ ಕೆಲಸ ಹೋದುದಕ್ಕೆ ನನಗೆ ವ್ಯಸನವಿದೆ. ಹೋದುದಕ್ಕೆ ಕಾರಣವು ನ್ಯಾಯವಾದುದೆಂದೂ ಒಪ್ಪುತ್ತೇನೆ.

ಡಿಸೆಂಬರ್ ತಿಂಗಳೇ ಏಕೆ? ಹಬ್ಬವೆಂಬುದು ಅರ್ಧ ಉತ್ತರ. 1946ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಕಾಲದಲ್ಲಿ ರಾಷ್ಟ್ರೀಯ ಶಾಲಾ ಊಟದ ಕಾನೂನು ಬಂದಂದಿನಿಂದ ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲಿಯೇ ಮಧ್ಯಾಹ್ನದ ಊಟವುಂಟು. ಈಗ ದಿನವೊಂದಕ್ಕೆ ಸುಮಾರು ಮೂರು ಕೋಟಿ ಮಕ್ಕಳು ಅದನ್ನು ಉಣ್ಣುವರು. ಅವರಲ್ಲಿ ಬಹುಪಾಲು ಮಂದಿಗೆ ಅದು ಉಚಿತ, ಇಲ್ಲವೆ ಅಲ್ಪ ಬೆಲೆಗೆ ದೊರೆಯುವಂಥದು. ಕ್ರಿಸ್‌ಮಸ್ಸಿಗೆ ಶಾಲೆಯ ಬಾಗಿಲು ಹತ್ತು ಹದಿನೈದು ದಿನ ಮುಚ್ಚಿದಾಗ ಈ ಊಟದ ಬಾಗಿಲೂ ಮುಚ್ಚುತ್ತದೆ; ಚಳಿ ಏರಿ, ಮನೆಯನ್ನು ಬೆಚ್ಚಗಿಡುವ ಖರ್ಚು ಏರುವ ದಿನಗಳೂ ಅವೇ. ಮಧ್ಯಾಹ್ನದ ಬಿಸಿಯೂಟವನ್ನು ಬಲ್ಲ ನಮ್ಮ ಶಾಲೆಗಳ ಉಪಾಧ್ಯಾಯರಿಗೆ, ದೀರ್ಘ ರಜೆಯೆಂದರೆ ಕೆಲವು ಮನೆಗಳಲ್ಲಿ ಏನರ್ಥವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳು ಡಿಸೆಂಬರಿನಲ್ಲಿ ತುಂಬುವುದರ ಒಂದು ಕಾರಣ ಈ ಮುಚ್ಚಿದ ಊಟದ ಮನೆ.

ಆ ಪೆಟ್ಟಿಗೆಗಳ ವಿಷಯದಲ್ಲಿ ಒಂದು ಮಾತನ್ನು ಆಡಲೇಬೇಕು. ವೆಲ್ಡಿಂಗಿನವರು ಹೆಚ್ಚು ಡಬ್ಬಿ ತಂದರೋ, ಎಲೆಕ್ಟ್ರಿಷಿಯನ್ನರೋ ಎಂದು ಪಂದ್ಯ ಹೂಡಿ, ಗೆದ್ದ ತರಗತಿಗೆ ತಿಂಡಿಯ ಬಹುಮಾನ ಕೊಡುವ ರೂಢಿಯೂ ಕೆಲವೆಡೆ ಇದೆ. ಎಣಿಕೆಯೇ ಗುರಿಯಾದಾಗ, ಕಪಾಟಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಕುಳಿತಿದ್ದ ಡಬ್ಬಿಯೂ ದಾನವೆನಿಸಿಬಿಡುವುದು. ಕೊಡುವವರ ಉತ್ಸಾಹವನ್ನು ಹಳಿಯುವುದು ನನ್ನ ಇಚ್ಛೆಯಲ್ಲ. ಆದರೆ ಕೈಗೆ ಕಸುಬು ಬಂದಿರುವ ಮಕ್ಕಳು ಕೊಡಬಲ್ಲುದು ಇದಕ್ಕಿಂತ ಹೆಚ್ಚಿನದು.

ಅಡುಗೆಯ ವಿಭಾಗದಲ್ಲಿ ಅದನ್ನು ಕಾಣಬಹುದು. ಟರ್ಕಿ ಕೋಳಿಯನ್ನು ಬೇಯಿಸುವ ಹುಡುಗಿಯು ಮೇಲಿನ ಹೊಂಬಣ್ಣವನ್ನು ನಂಬುವಂತಿಲ್ಲ. ತೊಡೆಯ ದಪ್ಪಭಾಗದಲ್ಲಿ, ಎಲುಬಿಗೆ ತಾಗದಂತೆ ಉಷ್ಣಮಾಪಕವನ್ನು ಚುಚ್ಚಿ, ಅದು 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸುವವರೆಗೆ ಕಾಯಬೇಕು. ಪಾಠದ ದಿನ ಅದು ಪರೀಕ್ಷೆಯ ಒಂದು ಉತ್ತರ ಮಾತ್ರ. ವೃದ್ಧರ ಊಟಕ್ಕೆಂದು ಬೇಯಿಸುವ ದಿನ, ದುರ್ಬಲವಾದ ದೇಹವೊಂದನ್ನು ಕಾಯಿಲೆಯಿಂದ ಕಾಪಾಡುವ ಗೆರೆ. ಕೇಶಾಲಂಕಾರ ಕಲಿಯುವವರು ಸರಕಾರದ ಪರವಾನಗಿಗಾಗಿ ಬಹಳ ರಾಜ್ಯಗಳಲ್ಲಿ ಸಾವಿರ ಗಂಟೆಗೆ ಮೇಲ್ಪಟ್ಟು ಅಭ್ಯಾಸ ಮಾಡಬೇಕಾಗಿದ್ದು, ಮೊದಮೊದಲು ಅದು ಗೊಂಬೆಯ ತಲೆಯ ಮೇಲೆ ನಡೆಯುತ್ತದೆ. ಡಿಸೆಂಬರಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ, ತೆಳ್ಳಗಾದ ಬಿಳಿಗೂದಲಿಗೆ ಮೊದಲ ಬಾರಿ ಬಾಚಣಿಗೆಯಿಟ್ಟಾಗ, ಜೀವವಿರುವ ಕೆಲಸವೆಂಬ ಮಾತು ಅಕ್ಷರಶಃ ನಿಜವಾಗುವುದು. ಮುದುಕಿಯ ನೆತ್ತಿಯ ಚರ್ಮ ಎಷ್ಟು ಸೂಕ್ಷ್ಮವೆಂಬುದನ್ನು ಯಾವ ಗೊಂಬೆಯೂ ಕಲಿಸಲಾರದು; ಆ ಮುದುಕಿಗೋ, ಒಬ್ಬರು ತಲೆ ಮುಟ್ಟಿ ಬಾಚಿ ಎಷ್ಟು ದಿನವಾಗಿತ್ತೋ!

ಕೊಡುವುದರಲ್ಲಿಯೂ ಒಂದು ನಯವಿದೆ. 1979ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ ಸಾಲ್ವೇಶನ್ ಆರ್ಮಿಯ ಚಾರ್ಲ್ಸ್ ಮತ್ತು ಶರ್ಲಿ ವೈಟ್ ದಂಪತಿಗಳು, ದೇವದೂತರ ಚಿತ್ರವಿದ್ದ ಶುಭಾಶಯ ಪತ್ರಗಳ ಮೇಲೆ ಮಕ್ಕಳ ಬೇಕುಗಳನ್ನು ಬರೆದು ಅಂಗಡಿಗಳ ಸಂಕೀರ್ಣವೊಂದರ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಿದರು. ಆ ಪದ್ಧತಿ ಎಷ್ಟೋ ಶಾಲೆಗಳ ಪಡಸಾಲೆಗಳಿಗೂ ಹಬ್ಬಿದೆ. ಚೀಟಿಯಲ್ಲಿ ವಯಸ್ಸು, ಅಂಗಿಯ ಅಳತೆ, ಒಂದು ಆಸೆ, ಮನೆತನದ ಹೆಸರಿಲ್ಲ. ವೃತ್ತಿಶಾಲೆಗೆ ಬರುವ ಮಕ್ಕಳಲ್ಲಿ ಅನೇಕರು ದುಡಿದು ಉಣ್ಣುವ ಮನೆಗಳವರು. ಬಂಡಿ ಮಾಡುತ್ತಿರುವ ಹುಡುಗನ ಸ್ವಂತ ತಂಗಿಯ ಆಸೆಯೇ ಮರದ ಮೇಲೊಂದು ಚೀಟಿಯಾಗಿ ತೂಗುತ್ತಿರಬಹುದು. ಹೆಸರಿಲ್ಲದಿರುವುದರಿಂದ ಅವನು ತಲೆಯೆತ್ತಿ ಬೇರೊಬ್ಬರಿಗಾಗಿ ದುಡಿಯಬಲ್ಲನು.

ಆ ಬಂಡಿಯನ್ನೊಮ್ಮೆ ಹತ್ತಿರದಿಂದ ನೋಡೋಣ. ಅಂಗೈಗಿಂತ ಸ್ವಲ್ಪ ಉದ್ದ, ಪೈನ್ ಮರದ ಒಡಲು, ನಾಲ್ಕು ಚಕ್ರ. ಅಂಚುಗಳನ್ನು ಮೊದಲು ಒರಟಾದ ಉಪ್ಪುಕಾಗದದಿಂದ, ಬಳಿಕ ನಯವಾದುದರಿಂದ, ಮರದ ಎಳೆಯ ಗುಂಟ ಉಜ್ಜಿ ಉರುಟುಮಾಡಿ, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಎಲ್ಲಿಯೂ ಸಿಬಿರು ತಾಗದಿದ್ದರೆ ಆಗ ಎಣ್ಣೆ ಕೊಡುವರು. ಬಣ್ಣ ಹಚ್ಚುವುದಾದರೂ ಎಚ್ಚರ ಬೇಕು: ಸೀಸ ಬೆರೆತ ಬಣ್ಣವನ್ನು ಆಟಿಕೆಗಳಿಗೆ ಹಚ್ಚಕೂಡದೆಂದು ಅಲ್ಲಿಯ ಸರಕಾರ ನಿಷೇಧಿಸಿದುದು 1978ರಲ್ಲಿ. ಮುಂದಿನದು ಚಕ್ರದ ಪರೀಕ್ಷೆ. ಒಳವ್ಯಾಸ ಒಂದೂಕಾಲು ಅಂಗುಲವಿರುವ ಒಂದು ಕೊಳವೆಯುಂಟು. ಮೂರು ವರ್ಷದೊಳಗಿನ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟು ಕಾನೂನು ಗೊತ್ತುಮಾಡಿದ ಅಳತೆಯದು. ಕಳಚಬಹುದಾದ ಯಾವ ಭಾಗವಾದರೂ ಒತ್ತದೆ ಆ ಕೊಳವೆಯೊಳಕ್ಕೆ ಪೂರ್ಣವಾಗಿ ಇಳಿದುಬಿಟ್ಟರೆ ಆ ಆಟಿಕೆ ಎಳೆಯ ಮಗುವಿಗೆ ಸಲ್ಲದು. ಎಷ್ಟು ಅಂದವಾಗಿ ಕಡೆದ ಚಕ್ರವಾದರೂ ಸರಿ, ಕೊಳವೆಯಲ್ಲಿ ಇಳಿಯಿತೆಂದರೆ ದೊಡ್ಡದಾಗಿ ಮತ್ತೆ ಕಡೆಯಬೇಕು.

ಸೆಪ್ಟೆಂಬರಿನಲ್ಲಿ ಇದೇ ಬೆಂಚಿನ ಮೇಲೆ ಇದೇ ಹುಡುಗರು ಅಭ್ಯಾಸದ ಸಂದುಗಳನ್ನು ಕೊರೆದಿರುತ್ತಾರೆ. ಮಾಸ್ಕೋ ಪದ್ಧತಿ ಇಂದಿಗೂ ಪೂರ್ತಿ ಸತ್ತಿಲ್ಲ, ಸಾಯಲೂ ಬಾರದು. ಆ ತಿಂಗಳಲ್ಲಿ ಅವರು ಕೇಳುವ ಪ್ರಶ್ನೆ, ಇಷ್ಟು ಸಾಕೇ, ಇದಕ್ಕೆ ಎಷ್ಟು ಅಂಕ, ಎಂದು. ಡಿಸೆಂಬರಿನಲ್ಲಿ ಚೀಟಿ ಕೈಗೆ ಬಂದ ಮೇಲೆ, ಚಕ್ರದ ಮರಕ್ಕೆ ಕೈಹಾಕುವ ಮುನ್ನ ಕೇಳುವುದು ಬೇರೆ:

"ಈ ಮಗುವಿಗೆ ಎಷ್ಟು ವಯಸ್ಸು, ಸರ್?"