ಗಾಳಿ ಬಾರದೆ ನೀರು ಹೋಗದು

ಕಿರಾಣಿ ಅಂಗಡಿಯವನು ಎಣ್ಣೆಯ ಹೊಸ ಡಬ್ಬವನ್ನು ಒಡೆಯುವುದನ್ನು ನೀವು ಗಮನಿಸಿರುವಿರಾ? ಮೇಲ್ಭಾಗದ ಒಂದು ಮೂಲೆಯಲ್ಲಿ ತೂತು ಮಾಡಿ ಅವನು ಸುಮ್ಮನಾಗುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ತೂತನ್ನೂ ಮಾಡುತ್ತಾನೆ. ಎಣ್ಣೆ ಸುರಿಯುವುದು ಒಂದರಿಂದ ಮಾತ್ರ. ಎರಡನೆಯದೇಕೆಂದು ಕೇಳಿದರೆ, “ಗಾಳಿ ಆಡಬೇಕಲ್ಲ ಸ್ವಾಮಿ” ಎಂದಾನು. ಅವನು ಭೌತಶಾಸ್ತ್ರವನ್ನು ಓದಿಲ್ಲದಿರಬಹುದು. ಆದರೆ ಆ ಉತ್ತರದಲ್ಲಿ ಲೋಪವಿಲ್ಲ. ಈ ಚಿಕ್ಕ ತತ್ತ್ವವನ್ನು ಮರೆತರೆ ಎಂಥ ಫಜೀತಿಯಾಗುತ್ತದೆಂಬುದಕ್ಕೆ ದೂರದ ಅಮೆರಿಕದಿಂದ ಒಂದು ನಿದರ್ಶನವನ್ನು ನೋಡೋಣ.

ಆ ದೇಶದಲ್ಲಿ ಅನೇಕರು ‘ಮೋಟಾರು ಮನೆ’ಗಳಲ್ಲಿ ಪ್ರವಾಸ ಹೊರಡುತ್ತಾರೆ. ಬಸ್ಸಿನಂಥ ಈ ವಾಹನದೊಳಗೆ ಅಡಿಗೆಯ ಒಲೆ, ಹಾಸಿಗೆ, ಸ್ನಾನದ ಕೋಣೆ, ಶೌಚ ಎಲ್ಲವೂ ಉಂಟು. ಬಳಸಿದ ನೀರನ್ನು ದಾರಿಯಲ್ಲಿ ಚೆಲ್ಲುವಂತಿಲ್ಲವಾದುದರಿಂದ ನೆಲದ ಕೆಳಗೆ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ತೊಟ್ಟಿಗಳನ್ನು ಅಳವಡಿಸಿರುತ್ತಾರೆ. ಸಿಂಕು ಮತ್ತು ಸ್ನಾನದ ನೀರಿಗೆ ಒಂದು, ಶೌಚಕ್ಕೆ ಇನ್ನೊಂದು. ಪ್ರತಿಯೊಂದರ ತಳದಲ್ಲಿ ಎಳೆದು ತೆರೆಯುವ ಜಾರುಕವಾಟವಿದೆ. ನೆತ್ತಿಯಿಂದ ವಾಹನದ ಛಾವಣಿಯವರೆಗೆ ಸಣ್ಣದೊಂದು ಗಾಳಿಕೊಳವೆಯಿದೆ. ಗೊತ್ತಾದ ಸ್ಥಳದಲ್ಲಿ ನಿಂತು, ಕೊಳವೆ ಜೋಡಿಸಿ, ಕವಾಟವನ್ನೆಳೆದು ತೊಟ್ಟಿಗಳನ್ನು ಬರಿದು ಮಾಡಬೇಕು.

ನೀರು ಎಷ್ಟು ವೇಗದಿಂದ ಹೊರಬೀಳುತ್ತದೆ? ಇದಕ್ಕೆ ಉತ್ತರವನ್ನು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ. ರಂಧ್ರದ ಮೇಲಿರುವ ನೀರಿನ ಎತ್ತರದಿಂದ ವಸ್ತುವೊಂದು ಬಿದ್ದರೆ ಎಷ್ಟು ವೇಗ ಪಡೆಯುವುದೋ, ನೀರೂ ಅಷ್ಟೇ ವೇಗದಿಂದ ಹೊರಡುತ್ತದೆ. ತೊಟ್ಟಿಯಲ್ಲಿ 40 ಸೆಂಟಿಮೀಟರು ನೀರಿದ್ದರೆ ವೇಗ ಸೆಕೆಂಡಿಗೆ 2.8 ಮೀಟರು, 10 ಸೆಂಟಿಮೀಟರಿಗೆ ಇಳಿದಾಗ 1.4 ಮೀಟರು. ಎತ್ತರ ಕಾಲುಭಾಗವಾದರೆ ವೇಗ ಅರ್ಧವಾಗುತ್ತದೆ. ಕೊಳವೆಯ ಘರ್ಷಣೆಯಿಂದ ನಿಜವಾದ ವೇಗ ಇನ್ನೂ ಕಡಿಮೆ. ಆದುದರಿಂದ ಕೊನೆಕೊನೆಗೆ ಹರಿವು ಮಂದವಾಗುವುದು ಸಹಜ. ಮೊದಲಿನಿಂದಲೇ ಮಂದವಾಗಿದ್ದರೆ ಮಾತ್ರ ರೋಗವಿದೆಯೆಂದು ತಿಳಿಯಬೇಕು.

ಬಹುಮಂದಿ ಆಗ ನೀರಿನ ದಾರಿ ಕಟ್ಟಿದೆಯೆಂದು ಊಹಿಸಿ ಕೊಳವೆಯೊಳಗೆ ರಾಸಾಯನಿಕಗಳನ್ನು ಸುರಿಯುತ್ತಾರೆ. ಕಟ್ಟಿರುವುದು ಗಾಳಿಯ ದಾರಿಯೂ ಆಗಿರಬಹುದೆಂಬುದು ಹೊಳೆಯುವುದಿಲ್ಲ. ಒಣಗಿದ ಎಲೆ, ಹಕ್ಕಿಯ ಗೂಡು ಅಥವಾ ಕಣಜದ ಮಣ್ಣುಗೂಡು ಛಾವಣಿಯ ಮೇಲಿನ ಬಾಯನ್ನು ಮುಚ್ಚಿತೆನ್ನಿ. 100 ಲೀಟರಿನ ತೊಟ್ಟಿಯಲ್ಲಿ 40 ಸೆಂಟಿಮೀಟರು ಎತ್ತರಕ್ಕೆ 80 ಲೀಟರು ನೀರು, ಮೇಲೆ 20 ಲೀಟರು ಗಾಳಿ ಇವೆಯೆಂದು ಭಾವಿಸೋಣ. ವಾಯುಮಂಡಲದ ಒತ್ತಡವು ಸುಮಾರು 10.3 ಮೀಟರು ನೀರಿನ ಕಂಬಕ್ಕೆ ಸಮ. 40 ಸೆಂಟಿಮೀಟರು ಅದರ ಶೇಕಡ 4 ಮಾತ್ರ. ಕೇವಲ 0.8 ಲೀಟರು ನೀರು ಹೊರಬಿದ್ದೊಡನೆ ಒಳಗಿನ ಗಾಳಿ ಶೇಕಡ 4ರಷ್ಟು ಹಿಗ್ಗಿ, ಬಾಯ್ಲನ ನಿಯಮದಂತೆ ಅದರ ಒತ್ತಡ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ಹೊರಗಿನ ಗಾಳಿ ಕೆಳಗಿನಿಂದ ನೀರನ್ನು ಒತ್ತಿ ಹಿಡಿಯುತ್ತದೆ. ನಾಲ್ಕು ಲೋಟ ನೀರಿಗೇ ಹರಿವು ನಿಂತಂತಾಯಿತು! ಮುಂದೆ ಗಾಳಿಯ ಗುಳ್ಳೆಯೊಂದು ಹೇಗಾದರೂ ಒಳನುಸುಳಿದಾಗಲೆಲ್ಲ ತುಸುತುಸುವೇ ನೀರು ಬಿಡುತ್ತದೆ.

ಆ ಗಾಳಿ ಬರುವ ದಾರಿಯಲ್ಲಿಯೇ ಅಪಾಯವಿದೆ. ಸಿಂಕಿನ ಕೆಳಗೆ ಬಾಗಿದ ಕೊಳವೆಯೊಂದನ್ನು ನೀವು ನೋಡಿರಬಹುದು. ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ 1775ರಲ್ಲಿ ಶೌಚದ ಬಟ್ಟಲಿಗೆ ಇಂಥದೇ ಬಾಗನ್ನು ಸೇರಿಸಿ ಹಕ್ಕುಪತ್ರ ಪಡೆದನು. ಬಾಗಿನಲ್ಲಿ ನಿಂತ ಒಂದಿಷ್ಟು ನೀರೇ ದುರ್ಗಂಧಕ್ಕೆ ಅಡ್ಡಲಾಗಿರುವ ಬಾಗಿಲು. ಆ ನೀರಿನ ಆಳ ಕೆಲವೇ ಸೆಂಟಿಮೀಟರು. ತೊಟ್ಟಿಯೊಳಗಿನ ಒತ್ತಡ ಕುಗ್ಗಿದಾಗ ಮನೆಯೊಳಗಿನ ಗಾಳಿ ಆ ನೀರನ್ನು ತಳ್ಳಿಕೊಂಡು ‘ಗುಳುಗುಳು’ ಸದ್ದಿನೊಂದಿಗೆ ತೊಟ್ಟಿಗೆ ಇಳಿಯುತ್ತದೆ. ಬಾಗಿಲು ಒಡೆಯಿತು! ಬಳಿಕ ತೊಟ್ಟಿಯ ಅನಿಲಗಳು ಜನ ಮಲಗುವ ಕೋಣೆಗೇ ಬರುತ್ತವೆ. ಅವುಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ, ವಿಷಕರವಾದ ಹೈಡ್ರೊಜನ್ ಸಲ್ಫೈಡ್ ಇರಬಹುದು. ಹೊತ್ತಿಕೊಳ್ಳುವ ಮೀಥೇನ್ ಕೂಡ ಇರಬಹುದು. ಆದುದರಿಂದ ಬರಿದು ಮಾಡುವಾಗ ಸಿಂಕು ಗುಳುಗುಟ್ಟಿದರೆ, ಮೊದಲು ನೋಡಬೇಕಾದುದು ಛಾವಣಿಯನ್ನು. ಶೌಚದ ತೊಟ್ಟಿಗೆ ಬೇರೊಂದು ಪರೀಕ್ಷೆಯಿದೆ: ಬಟ್ಟಲಿನ ತಳದ ಮುಚ್ಚಳವನ್ನು ಕ್ಷಣಕಾಲ ತೆರೆದಾಗ ಹರಿವು ಚುರುಕಾದರೆ ದೋಷ ಗಾಳಿಕೊಳವೆಯದೇ.

ಚುರುಕಾಗದಿದ್ದರೆ ನೀರಿನ ದಾರಿಯನ್ನು ಶಂಕಿಸಬಹುದು. ವಾಹನ ಓರೆಯಾಗಿ ನಿಂತಿರಬಹುದು. ಹೊರಗಿನ ಕೊಳವೆ ನಡುವೆ ಜೋತಿರಬಹುದು. ಶೌಚದ ಕವಾಟವನ್ನು ಸದಾ ತೆರೆದಿಡುವ ಅಭ್ಯಾಸವೂ ಕೆಟ್ಟದು. ದ್ರವ ಹರಿದುಹೋಗಿ, ಘನಪದಾರ್ಥ ಬಟ್ಟಲಿನ ಕೆಳಗೆ ಗುಡ್ಡೆಯಾಗುತ್ತದೆ. ತೊಟ್ಟಿ ಸಾಕಷ್ಟು ತುಂಬುವವರೆಗೆ ಕವಾಟವನ್ನು ಮುಚ್ಚಿಟ್ಟು, ಒಮ್ಮೆಗೇ ಬಿಟ್ಟರೆ ನೀರಿನ ರಭಸವೇ ಅದನ್ನು ಕೊಚ್ಚಿಕೊಂಡು ಹೋಗುತ್ತದೆ.

ಇನ್ನು ಸೋರಿಕೆ. ಹೊರತುದಿಯ ಮುಚ್ಚಳ ಬಿಚ್ಚಿದೊಡನೆ ಕೊಳಚೆ ಸುರಿದರೆ ಜಾರುಕವಾಟ ಸರಿಯಾಗಿ ಮುಚ್ಚಿಲ್ಲವೆಂದರ್ಥ. ಅದರ ತಗಡು ಎರಡು ರಬ್ಬರು ಬಳೆಗಳ ನಡುವೆ ಜಾರುತ್ತದೆ. ತೋಡಿನಲ್ಲಿ ಕಾಗದದ ಚೂರು ಸಿಕ್ಕಿದರೂ ಸಾಕು, ಸಂದು ಉಳಿಯುತ್ತದೆ. ತೊಟ್ಟಿಯನ್ನು ಶುದ್ಧ ನೀರಿನಿಂದ ತೊಳೆದು ಕವಾಟವನ್ನು ಹಲವು ಬಾರಿ ಆಡಿಸಿದರೆ ಎಷ್ಟೋ ವೇಳೆ ಅದು ಬಿಟ್ಟುಹೋಗುತ್ತದೆ. ಬಳೆಗಳೇ ಒರಟಾಗಿದ್ದರೆ ಬದಲಿಸಬೇಕು.

ತೊಟ್ಟಿಯ ಮೈಯೇ ಸೀಳಿದ್ದರೆ? ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸುಮಾರು ಶೇಕಡ 9ರಷ್ಟು ಹಿಗ್ಗಿದಾಗ ತೊಟ್ಟಿ, ಕೊಳವೆಗಳು ಬಿರಿಯುವುದುಂಟು. ಹನಿ ಬೀಳುವ ಸ್ಥಳವನ್ನು ನಂಬಬೇಡಿ. ನೀರು ತಳಕ್ಕೆ ಅಂಟಿಕೊಂಡೇ ದೂರ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಶುದ್ಧ ನೀರು ತುಂಬಿ, ಮಟ್ಟವನ್ನು ಆಗಾಗ ಗುರುತಿಸಿರಿ. ಮಟ್ಟ ಎಲ್ಲಿಗೆ ಬಂದು ನಿಲ್ಲುವುದೋ ಬಿರುಕಿನ ಕೆಳತುದಿ ಅದೇ ಎತ್ತರದಲ್ಲಿದೆ. ಈ ಪರೀಕ್ಷೆಗೆ ಗಾಳಿಕೊಳವೆ ತೆರೆದಿರಲೇಬೇಕು. ಇಲ್ಲವಾದರೆ ಒಳಗಿನ ಕುಗ್ಗಿದ ಒತ್ತಡವು ಸೋರಿಕೆಯನ್ನೂ ತಡೆದು ನಮ್ಮನ್ನು ವಂಚಿಸುತ್ತದೆ. ಗಾಳಿಕೊಳವೆ ಬಿಡಿಸಿದ ಮರುದಿನ ತೊಟ್ಟಿ ಸೋರತೊಡಗಿದರೆ ಬಿಡಿಸಿದವನನ್ನು ದೂರಬಾರದು. ಬಿರುಕು ಮೊದಲೇ ಇತ್ತು. ಗಾಳಿ ಅದನ್ನು ಮರೆಸಿತ್ತು, ಅಷ್ಟೆ.

ಇದನ್ನು ಪರೀಕ್ಷಿಸಲು ಮೋಟಾರು ಮನೆ ಬೇಕಿಲ್ಲ. ಬಿಗಿಯಾದ ಮುಚ್ಚಳವಿರುವ ಡಬ್ಬವೊಂದಕ್ಕೆ ತಳದಲ್ಲಿ ಸಣ್ಣ ತೂತು, ಮುಚ್ಚಳದಲ್ಲಿ ಮತ್ತೊಂದು ತೂತು ಮಾಡಿ ನೀರು ತುಂಬಿರಿ. ಮೇಲಿನದನ್ನು ಬೆರಳಿನಿಂದ ಮುಚ್ಚಿರಿ, ಬಿಡಿರಿ. ಹರಿಯುವುದು ಕೆಳಗೆ, ಅದನ್ನು ಆಳುವುದು ಮೇಲೆ. ಯಾವುದೇ ಯಂತ್ರ ಕೆಟ್ಟಾಗ ಕಣ್ಣಿಗೆ ಬೀಳುವ ಕಡೆಯಷ್ಟನ್ನೇ ತಡಕದೆ, ಕಾಣದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುವವನೇ ಭೌತಶಾಸ್ತ್ರದ ನಿಜವಾದ ವಿದ್ಯಾರ್ಥಿ.