ಮಾಯಾಕಥೆಗಳು: ವಾಚಕರ ಎರಡು ಮತ

'ಚಂದಮಾಮ'ದಲ್ಲಿ ಬರುತ್ತಿದ್ದ ಮಾಂತ್ರಿಕ ಧಾರಾವಾಹಿಗಳನ್ನು ಕುರಿತು ಕಾಳಿಘಾಟಿನ ನಮ್ಮ ವಾಚಕರಲ್ಲಿ ಎರಡು ಮತಗಳಿವೆ. ರಾಕ್ಷಸರ, ಮಂತ್ರವಾದಿಗಳ ಕಥೆ ದುಡಿಯುವ ತರುಣರನ್ನು ಭ್ರಮೆಗೆ ನೂಕುವುದೆಂದು ಗುಮಾಸ್ತ ಬಂಧುಗಳಲ್ಲಿ ಹಲವರ ಆಕ್ಷೇಪ. ಹೊಟೇಲಿನ ಸೋದರರಾದರೋ, ತಮಗೆ ಓದಿನ ರುಚಿ ಹತ್ತಿದುದೇ ಅವುಗಳಿಂದ ಎನ್ನುವರು.

ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಬಳಿಕ ಕನ್ನಡಕ್ಕೂ ಬಂದಿತು. 1954ರಲ್ಲಿ ದಾಸರಿ ಸುಬ್ರಹ್ಮಣ್ಯಂ ಅವರು ತೆಲುಗಿನಲ್ಲಿ 'ತೋಕಚುಕ್ಕ'ವನ್ನು ಬರೆಯತೊಡಗಿದರು. ತರುವಾಯ 'ಮಕರದೇವತ', 'ಮುಗ್ಗುರು ಮಾಂತ್ರಿಕುಲು' ಮುಂತಾದವು ಬಂದವು. ಲೇಖಕರ ಹೆಸರು ಕಥೆಯೊಡನೆ ಅಚ್ಚಾಗುತ್ತಿರಲಿಲ್ಲ. ಉಂಡವರು ರುಚಿಯನ್ನು ಹೊಗಳುವರು. ಒಳಗಿನ ಅಡಿಗೆಯವನನ್ನು ಬಲ್ಲವರೆಷ್ಟು ಮಂದಿ?

ಆಕ್ಷೇಪಿಸುವವರು ನಾವು ನೆಲೆಸಿರುವ ಬಂಗಾಳವನ್ನು ನೋಡಲಿ. 1907ರಲ್ಲಿ ದಕ್ಷಿಣಾರಂಜನ ಮಿತ್ರ ಮಜುಮ್ದಾರರು ಅಜ್ಜಿಯರ ಬಾಯಿಂದ ಕೇಳಿದ ಕಥೆಗಳನ್ನು 'ಠಾಕುರ್‌ಮಾರ್ ಝುಲಿ'ಯಾಗಿ ಪ್ರಕಟಿಸಿದಾಗ, ರವೀಂದ್ರನಾಥ ಠಾಕೂರರೇ ಮುನ್ನುಡಿ ಬರೆದು, ಅದನ್ನು ಅಪ್ಪಟ ಸ್ವದೇಶಿ ವಸ್ತುವೆಂದು ಕೊಂಡಾಡಿದರು. ರಾಕ್ಷಸರೂ ರಾಜಕುಮಾರರೂ ಅದರಲ್ಲಿಯೂ ತುಂಬಿದ್ದಾರೆ.

ಕಥೆಯ ಮಂತ್ರದಿಂದ ಸಂಬಳ ಹೆಚ್ಚದು, ನಿಜ. ಆದರೆ ಹಗಲೆಲ್ಲ ಗಿರಾಕಿಗಳೊಡನೆ ಬಂಗಾಳಿ, ಹಿಂದಿ ಆಡುವ ಮಾಣಿಗೆ ಕನ್ನಡದ ಅಕ್ಷರ ಮರೆಯಲು ಎಷ್ಟು ವರ್ಷ ಬೇಕು? ಮುಂದೇನಾಯಿತೆಂಬ ಕುತೂಹಲವೇ ಅವನಿಂದ ಮರುಪುಟವನ್ನು ತಿರುವಿಸುವುದು. ಗಂಭೀರ ಗ್ರಂಥಗಳಿಗೂ ಅದೇ ಮೆಟ್ಟಿಲು.

'ಚಂದಮಾಮ' ಈಗ ನಿಂತುಹೋಗಿದೆ. ಹಳೆಯ ಸಂಚಿಕೆಗಳುಳ್ಳವರು ಅವನ್ನು ರದ್ದಿಗೆ ಹಾಕದೆ ಕಿರಿಯರ ಕೈಗೆ ಕೊಡಬೇಕೆಂದು ನಮ್ಮ ವಿಜ್ಞಾಪನೆ.